ಹೊಟ್ಟೆಯ ಲಿಂಫೋಮಾ: ತುಣುಕು ನೋಡುವ ತನಕ ಕಾಯಿಲೆಗೆ ಹೆಸರಿಡಬೇಡಿ

ಕಳೆದ ವಾರ ಥೈರಾಯ್ಡ್ ಬಗ್ಗೆ ಬರೆದದ್ದಕ್ಕೆ ಬಂದ ಪ್ರಶ್ನೆಗಳಿಗೆ ಉತ್ತರ ಇನ್ನೂ ಬಾಕಿ ಇದೆ, ಮುಂದಿನ ವಾರ ಬರೆಯುತ್ತೇನೆ. ಈ ವಾರದ್ದು ಒಂದು ಅಪರೂಪದ ಕಾಯಿಲೆ. ಅಪರೂಪದ್ದಾದರೆ ನಮಗೇಕೆ ಎಂದು ಪಕ್ಕಕ್ಕಿಡಬೇಡಿ. ಇದು ಗ್ಯಾಸ್ಟ್ರಿಕ್ ವೇಷದಲ್ಲಿ ಬರುತ್ತದೆ, ಟಿಬಿ ವೇಷದಲ್ಲಿ ಬರುತ್ತದೆ. ಅವೆರಡೂ ನಮ್ಮ ಮನೆಗಳಲ್ಲಿ ಅಪರೂಪವಲ್ಲ. ಲೇಖನ ಸ್ವಲ್ಪ ಉದ್ದ. ಲೋಕಲ್ ಟ್ರೈನಿನಲ್ಲಿ ಸೀಟು ಸಿಕ್ಕಾಗ ಓದಿ.

ಮೊದಲಿಗೆ ನನ್ನದೇ ತಪ್ಪಿನ ಕತೆ ಹೇಳಿಬಿಡುತ್ತೇನೆ.

ಮುಂಬಯಿಯ ಹೊಟೇಲೊಂದರಲ್ಲಿ ಮೂವತ್ತು ವರ್ಷದಿಂದ ಗಲ್ಲಾದಲ್ಲಿ ಕೂರುವವರು, ಕುಂದಾಪುರ ಕಡೆಯವರು, ವಯಸ್ಸು 52. ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ಎರಡು ತುತ್ತು ತಿಂದರೆ ಹೊಟ್ಟೆ ತುಂಬಿದ ಹಾಗೆ. ನಾನು ಅಸಿಡಿಟಿ ಮಾತ್ರೆ ಬರೆದುಕೊಟ್ಟೆ. ಬೆಳಿಗ್ಗೆ ಐದಕ್ಕೆ ಎದ್ದು, ಹತ್ತು ಸಲ ಚಹಾ ಕುಡಿದು, ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಮಾಡುವವರಿಗೆ ಗ್ಯಾಸ್ ಆಗದೆ ಇನ್ನೇನಾದೀತು ಎಂದುಕೊಂಡೆ. ಮಾತ್ರೆ ತಿಂದಾಗ ನೋವು ಕಡಿಮೆ, ಬಿಟ್ಟರೆ ಮತ್ತೆ ಶುರು. ಹೀಗೇ ನಾಲ್ಕು ತಿಂಗಳು ಕಳೆಯಿತು. ಒಂದು ದಿನ ಅವರ ಹೆಂಡತಿ ಜೊತೆಗೆ ಬಂದವರು, "ಡಾಕ್ಟ್ರೇ, ಇವರ ಬೆಲ್ಟಿಗೆ ಎರಡು ಹೊಸ ತೂತು ಮಾಡಿಸಿದೆ" ಅಂದರು. ತೂಕ ನೋಡಿದರೆ ಏಳು ಕಿಲೋ ಇಳಿದಿತ್ತು. ಆ ನಾಲ್ಕು ತಿಂಗಳಲ್ಲಿ ಒಂದು ಸಲವೂ ನಾನು ಅವರನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸಿರಲಿಲ್ಲ.

ಎಂಡೋಸ್ಕೋಪಿಯಲ್ಲಿ ಜಠರದ ಒಳಪದರ ದಪ್ಪಗಾಗಿ, ಅಲ್ಲಲ್ಲಿ ಆಳವಿಲ್ಲದ ಹುಣ್ಣುಗಳು ಕಂಡವು. ಬಯಾಪ್ಸಿ ರಿಪೋರ್ಟ್ ಬಂತು: 'ಮಾಲ್ಟ್ ಲಿಂಫೋಮಾ'. ಜೊತೆಗೆ 'ಎಚ್. ಪೈಲೋರಿ' ಎಂಬ ಬ್ಯಾಕ್ಟೀರಿಯಾ.

ಮನೆಯಲ್ಲಿ ಅಳು ಶುರುವಾಯಿತು. ಊರಿನಲ್ಲಿದ್ದ ತಮ್ಮ ಹತ್ತು ಸೆಂಟ್ಸ್ ಜಾಗ ಮಾರಲು ಗಿರಾಕಿ ಹುಡುಕಲು ಹೊರಟ. ಅಷ್ಟರಲ್ಲಿ ಕ್ಯಾನ್ಸರ್ ತಜ್ಞರು ಚೀಟಿ ಬರೆದರು. ಕೀಮೋ ಇಲ್ಲ, ಆಪರೇಷನ್ ಇಲ್ಲ. 14 ದಿನ ಎರಡು ಬಗೆಯ ಆಂಟಿಬಯಾಟಿಕ್, ಜೊತೆಗೆ ಅಸಿಡಿಟಿ ಮಾತ್ರೆ. ಕೆಳಗಿನ ಮೆಡಿಕಲ್ ಶಾಪಿನಲ್ಲೇ ಸಿಗುವಂಥವು. "ಕ್ಯಾನ್ಸರಿಗೆ ಆಂಟಿಬಯಾಟಿಕ್ಕಾ? ಇವರು ನಮ್ಮನ್ನು ಸಮಾಧಾನ ಮಾಡ್ತಿದ್ದಾರಾ, ಕೈಬಿಟ್ಟಿದ್ದಾರಾ?" ಎಂದು ತಮ್ಮ ಫೋನಿನಲ್ಲಿ ನನ್ನನ್ನು ಕೇಳಿದ. ಕೇಳಬೇಕಾದ ಪ್ರಶ್ನೆಯೇ.

*ಲಿಂಫೋಮಾ ಎಂದರೆ ಹೊಟ್ಟೆಯ ಕ್ಯಾನ್ಸರ್ ಅಲ್ಲವೇ?*

ಅಲ್ಲ ಎನ್ನುವುದಕ್ಕಿಂತ, ಬೇರೆ ಜಾತಿಯದು ಎನ್ನಬೇಕು. ಸಾಮಾನ್ಯವಾಗಿ ನಾವು ಹೊಟ್ಟೆಯ ಕ್ಯಾನ್ಸರ್, ಕರುಳಿನ ಕ್ಯಾನ್ಸರ್ ಎನ್ನುವುದು ಅಲ್ಲಿನ ಒಳಪದರದ ಜೀವಕೋಶಗಳಿಂದ ಹುಟ್ಟುವ ಗಡ್ಡೆ. ಲಿಂಫೋಮಾ ಹುಟ್ಟುವುದು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಿಂದ. ಇವು ನಮ್ಮ ದೇಹದ ಕಾವಲುಗಾರರು. ಕುತ್ತಿಗೆ, ಕಂಕುಳು, ತೊಡೆಸಂದಿನ ಗ್ರಂಥಿಗಳು ಇವರ ಠಾಣೆಗಳು. ಆದರೆ ಹೊರಗಿನ ವಸ್ತು ದಿನಕ್ಕೆ ಹತ್ತಾರು ಸಲ ಒಳಬರುವ ದಾರಿ ಅನ್ನನಾಳ, ಜಠರ, ಕರುಳು; ಹಾಗಾಗಿ ಕರುಳಿನುದ್ದಕ್ಕೂ ಇವರ ಪಹರೆ ಇದೆ. ಆ ಕಾವಲುಗಾರರಲ್ಲಿ ಒಬ್ಬ ಕೆಟ್ಟು, ತನ್ನಂಥವರನ್ನೇ ಲಕ್ಷಗಟ್ಟಲೆ ಹುಟ್ಟಿಸುತ್ತಾ ಹೋದರೆ ಅದು ಲಿಂಫೋಮಾ. ಗ್ರಂಥಿಗಳ ಹೊರಗೆ ಶುರುವಾಗುವ ಲಿಂಫೋಮಾಗಳಲ್ಲಿ ಅತಿ ಹೆಚ್ಚು ಕಾಣಿಸುವುದು ಈ ಜೀರ್ಣಾಂಗಗಳಲ್ಲೇ. ಅವುಗಳಲ್ಲೂ ಜಠರ ಮೊದಲು. ಆಮೇಲೆ ಸಣ್ಣಕರುಳು, ಸಣ್ಣಕರುಳು ದೊಡ್ಡಕರುಳನ್ನು ಸೇರುವ ಬಲಗಡೆಯ ಮೂಲೆ. ಅನ್ನನಾಳದಲ್ಲಿ ತೀರಾ ವಿರಳ.

ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಒಳಪದರದ ಕ್ಯಾನ್ಸರಿಗೆ ಕತ್ತಿ ಮೊದಲು. ಲಿಂಫೋಮಾಕ್ಕೆ ಔಷಧಿ ಮೊದಲು. ಹಿಂದೆ ಜಠರದ ಲಿಂಫೋಮಾಕ್ಕೂ ಇಡೀ ಜಠರ ತೆಗೆದುಹಾಕುತ್ತಿದ್ದರು. ಈಗ ಕರುಳು ತೂತಾದರೆ, ಕಟ್ಟಿಕೊಂಡರೆ, ರಕ್ತ ನಿಲ್ಲದಿದ್ದರೆ ಮಾತ್ರ ಆಪರೇಷನ್. "ಗಡ್ಡೆ ತೆಗೆದೇ ಬಿಡಿ ಡಾಕ್ಟ್ರೇ, ಪೀಡೆ ತೊಲಗಲಿ" ಎಂದು ಒತ್ತಾಯಿಸುವ ಮನೆಯವರು ಇದನ್ನು ತಿಳಿದಿರಬೇಕು.

ಇನ್ನು ಆಂಟಿಬಯಾಟಿಕ್ ವಿಷಯ. ಜಠರದಲ್ಲಿ ಮೂಲತಃ ಕಾವಲು ಠಾಣೆಯೇ ಇರುವುದಿಲ್ಲ. ಎಚ್. ಪೈಲೋರಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಅಲ್ಲಿ ಬೀಡುಬಿಟ್ಟಾಗ ಅದನ್ನು ಎದುರಿಸಲು ಲಿಂಫೋಸೈಟ್‌ಗಳು ಬಂದು ಗುಂಪುಗೂಡುತ್ತವೆ. ದಿನವೂ ಕೆರಳುತ್ತಾ ಇದ್ದ ಆ ಗುಂಪಿನಲ್ಲೇ ಒಂದು ಕೆಟ್ಟು ಮಾಲ್ಟ್ ಲಿಂಫೋಮಾ ಆಗುತ್ತದೆ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಈ ಬ್ಯಾಕ್ಟೀರಿಯಾವನ್ನು 1982ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇತ್ತ ಇಂಗ್ಲೆಂಡಿನ ಪೀಟರ್ ಐಸಾಕ್ಸನ್ ಮತ್ತು ಡೆನಿಸ್ ರೈಟ್ 1983ರಲ್ಲೇ ಮಾಲ್ಟ್ ಲಿಂಫೋಮಾವನ್ನು ಗುರುತಿಸಿ ಬರೆದಿದ್ದರು. 1993ರಲ್ಲಿ ಐಸಾಕ್ಸನ್ ತಂಡದ ವೈದ್ಯರು ಆರು ಮಂದಿ ರೋಗಿಗಳಿಗೆ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ ಮಾತ್ರ ಕೊಟ್ಟು ನೋಡಿದರು. ಐವರಲ್ಲಿ ಲಿಂಫೋಮಾ ಕರಗಿತ್ತು. ಕೆರಳಿಸುವವನು ಹೋದರೆ ಕೆರಳಿದವನೂ ತಣ್ಣಗಾಗುತ್ತಾನೆ ಎಂಬುದು ಅಂದಿನಿಂದ ಚಿಕಿತ್ಸೆಯಾಯಿತು. ಆರಂಭದ ಹಂತದಲ್ಲಿ, ಬ್ಯಾಕ್ಟೀರಿಯಾ ಇದ್ದವರಲ್ಲಿ, ಸುಮಾರು ನಾಲ್ಕರಲ್ಲಿ ಮೂವರಿಗೆ ಇಷ್ಟೇ ಸಾಕಾಗುತ್ತದೆ.

ಒಂದು ಎಚ್ಚರಿಕೆ. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹೊಟ್ಟೆಯಲ್ಲಿ ಎಚ್. ಪೈಲೋರಿ ಇದ್ದೇ ಇದೆ. ಅವರಲ್ಲಿ ಲಿಂಫೋಮಾ ಆಗುವುದು ಬೆರಳೆಣಿಕೆಯವರಿಗೆ. ರಿಪೋರ್ಟಿನಲ್ಲಿ ಈ ಹೆಸರು ಕಂಡ ಕೂಡಲೇ ಗೂಗಲ್ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

*ಪುಣೆಯಿಂದ ಬಂದ ಫೋನು*

ಎರಡನೆಯದು ಇಷ್ಟು ಸುಲಭದ ಕತೆಯಲ್ಲ. ಈ ಮಾಲಿಕೆಯ ಓದುಗರೊಬ್ಬರಿಂದ ನಂಬರ್ ಪಡೆದು ಪುಣೆಯಿಂದ ಒಬ್ಬರು ಫೋನ್ ಮಾಡಿದರು. ವಿಜಯಪುರ ಕಡೆಯವರು, ಹಿಂಜೆವಾಡಿಯಲ್ಲಿ ಕಟ್ಟಡದ ಕೆಲಸ. "ಡಾಕ್ಟರ್ರ, ನಮ್ಮ ಅಳಿಯಗ ಮೂರು ತಿಂಗಳಿಂದ ಟಿಬಿ ಗುಳಗಿ ನಡದಾವ್ರಿ. ಜ್ವರಾ ಇಳೀವಲ್ದು. ಹೊಟ್ಟಿ ಉಬ್ಬಿ ಕುಂತೈತಿ."

ಹುಡುಗನಿಗೆ 31 ವರ್ಷ, ಗೌಂಡಿ. ಸಂಜೆ ಜ್ವರ, ರಾತ್ರಿ ಅಂಗಿ ತೊಯ್ಯುವಷ್ಟು ಬೆವರು, ಬಲಗಡೆ ಹೊಟ್ಟೆನೋವು, ತೂಕ ಇಳಿತ. ಸ್ಕ್ಯಾನ್‌ನಲ್ಲಿ ಸಣ್ಣಕರುಳು ದೊಡ್ಡಕರುಳು ಸೇರುವ ಕಡೆ ದಪ್ಪಗಾಗಿದೆ, ಗ್ರಂಥಿಗಳು ಊದಿವೆ ಎಂದು ಬಂದಿತ್ತು. ಯಾವ ವೈದ್ಯರಿಗಾದರೂ ಮೊದಲು ಹೊಳೆಯುವುದು ಕರುಳಿನ ಟಿಬಿಯೇ. ಪ್ರಪಂಚದ ಟಿಬಿ ರೋಗಿಗಳಲ್ಲಿ ಕಾಲು ಭಾಗ ನಮ್ಮ ದೇಶದಲ್ಲೇ ಇರುವಾಗ ಹಾಗೆ ಯೋಚಿಸಿದ್ದು ತಪ್ಪಲ್ಲ. ಅಲ್ಲಿಗೇ ನಿಂತದ್ದು ತಪ್ಪು. ಕೊಲೊನೋಸ್ಕೋಪಿ ಮಾಡಿರಲಿಲ್ಲ, ತುಣುಕು ತೆಗೆದಿರಲಿಲ್ಲ. ಸ್ಕ್ಯಾನ್ ನೋಡಿ ಟಿಬಿ ಮಾತ್ರೆ, ಜೊತೆಗೆ ಸ್ಟೀರಾಯ್ಡ್ ಶುರು ಮಾಡಿದ್ದರು.

ಮೊದಲ ಹದಿನೈದು ದಿನ ಜ್ವರ ಇಳಿಯಿತು, ಹಸಿವೆ ಬಂತು. ಎಲ್ಲರೂ ಔಷಧಿ ಹಿಡಿಯಿತು ಎಂದುಕೊಂಡರು. ಹಿಡಿದದ್ದು ಸ್ಟೀರಾಯ್ಡ್. ಲಿಂಫೋಮಾದ ಕಣಗಳು ಸ್ಟೀರಾಯ್ಡ್‌ಗೆ ತಾತ್ಕಾಲಿಕವಾಗಿ ಕರಗುತ್ತವೆ. ಅದೇ ದೊಡ್ಡ ಮೋಸ. ಆಗ ತುಣುಕು ತೆಗೆದರೂ ಸೂಕ್ಷ್ಮದರ್ಶಕದಲ್ಲಿ ಸತ್ತ ಕಣಗಳಷ್ಟೇ ಕಂಡು, ರಿಪೋರ್ಟ್ ಏನನ್ನೂ ಹೇಳದೆ ಬರಬಹುದು. ಅಂಥ ರೋಗಿಗೆ ಸ್ಟೀರಾಯ್ಡ್ ಬೇಕೇ ಬೇಕು ಎನ್ನುವ ತುರ್ತು ಇಲ್ಲದಿದ್ದರೆ, ಬಯಾಪ್ಸಿ ಆಗುವ ತನಕ ಅದನ್ನು ಮುಟ್ಟಬಾರದು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಡಿ.

ನಾನು ಫೋನಿನಲ್ಲಿ ಇದನ್ನೆಲ್ಲ ಹೇಳಿ ದೊಡ್ಡಾಸ್ಪತ್ರೆಗೆ ಹೋಗಿ ಅಂದೆ. ಅವರು ಹೊರಡುವ ಮೊದಲೇ ಕರುಳು ಪೂರ್ತಿ ಕಟ್ಟಿಕೊಂಡಿತು. ರಾತ್ರೋರಾತ್ರಿ ಆಪರೇಷನ್. ತೆಗೆದ ಕರುಳಿನ ಪರೀಕ್ಷೆಯಲ್ಲಿ ಬಂದದ್ದು 'ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ', ವೇಗವಾಗಿ ಬೆಳೆಯುವ ಬಗೆ. ಟಿಬಿಯ ಕುರುಹೇ ಇರಲಿಲ್ಲ.

*ಟಿಬಿಯೋ ಲಿಂಫೋಮಾವೋ, ಹೇಗೆ ತಿಳಿಯುವುದು?*

ಲಕ್ಷಣ ನೋಡಿ ತಿಳಿಯಲು ಸಾಧ್ಯವಿಲ್ಲ. ಜ್ವರ, ಬೆವರು, ತೂಕ ಇಳಿಯುವುದು, ಹೊಟ್ಟೆನೋವು, ಎಲ್ಲವೂ ಎರಡಕ್ಕೂ ಒಂದೇ. ಕ್ರೋನ್ಸ್ ಎಂಬ ಇನ್ನೊಂದು ಕರುಳಿನ ಕಾಯಿಲೆಯೂ ಇದೇ ಜಾಗದಲ್ಲಿ ಹೀಗೇ ಕಾಣುತ್ತದೆ. ಸ್ಕ್ಯಾನ್ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ತೀರ್ಪು ಕೊಡುವುದು ತುಣುಕು.

ತುಣುಕಿನಲ್ಲೂ ಒಂದು ತೊಡಕಿದೆ. ಲಿಂಫೋಮಾ ಹಲವು ಸಲ ಒಳಪದರದ ಕೆಳಗೆ ಹಬ್ಬಿರುತ್ತದೆ. ಎಂಡೋಸ್ಕೋಪಿಯಲ್ಲಿ ಮೇಲಿಂದ ಎರಡು ಚಿಟಿಕೆ ತೆಗೆದರೆ 'ಉರಿಯೂತ ಮಾತ್ರ' ಎಂದು ಬರಬಹುದು. ಹಲವು ಜಾಗದಿಂದ, ಆಳವಾಗಿ, ಹೆಚ್ಚು ತುಣುಕು ಬೇಕು. ಅನುಮಾನ ಬಲವಾಗಿದ್ದರೆ ಇನ್ನೊಮ್ಮೆ ಮಾಡಬೇಕು. "ಒಂದು ಸಲ ಆಯ್ತಲ್ಲ, ಮತ್ತೆ ಪೈಪ್ ಯಾಕೆ ಹಾಕ್ತಾರೆ, ದುಡ್ಡಿಗಾ?" ಎಂದು ನನ್ನ ಹತ್ತಿರ ಜಗಳಕ್ಕೇ ಬಂದವರಿದ್ದಾರೆ. ದುಡ್ಡಿಗಲ್ಲ.

ಅದೇ ತುಣುಕಿನಲ್ಲಿ ಟಿಬಿಗೆ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಮತ್ತು ಕಲ್ಚರ್ ಕಳಿಸಬಹುದು. ಪಾಸಿಟಿವ್ ಬಂದರೆ ಟಿಬಿ ಖಚಿತ. ನೆಗೆಟಿವ್ ಬಂದ ಮಾತ್ರಕ್ಕೆ ಟಿಬಿ ಇಲ್ಲ ಎಂದಲ್ಲ, ಕರುಳಿನ ಟಿಬಿಯಲ್ಲಿ ಕ್ರಿಮಿಗಳ ಸಂಖ್ಯೆ ಕಡಿಮೆ. ಎಲ್ಲ ಮಾಡಿಯೂ ಗೊತ್ತಾಗದೆ ವೈದ್ಯರು ಟಿಬಿ ಮಾತ್ರೆ ಕೊಟ್ಟು ನೋಡೋಣ ಎಂದರೆ ಅದೂ ಒಪ್ಪಿತ ಪದ್ಧತಿಯೇ. ಆದರೆ ಆಗ ಒಂದು ಗಡುವು ಇರಬೇಕು. ಎರಡು ಮೂರು ತಿಂಗಳಿಗೆ ಮತ್ತೆ ಒಳಗೆ ನೋಡಿ ಹುಣ್ಣು ಮಾಯುತ್ತಿದೆಯೇ ಎಂದು ಪರೀಕ್ಷಿಸಬೇಕು. ಜ್ವರ ಇಳಿಯದೆ, ತೂಕ ಏರದೆ ಇದ್ದರೆ ಅಷ್ಟು ಕಾಯುವುದೂ ಬೇಡ. ಆರು ತಿಂಗಳ ಕೋರ್ಸ್ ಮುಗಿಯಲಿ ನೋಡೋಣ ಎನ್ನುವುದು ಅಪಾಯ.

ಇದನ್ನು ಓದಿ ಯಾರೂ ಟಿಬಿ ಮಾತ್ರೆ ನಿಲ್ಲಿಸಬಾರದು, ಕೈಮುಗಿದು ಕೇಳಿಕೊಳ್ಳುತ್ತೇನೆ. ಟಿಬಿಯೇ ಇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಧ್ಯದಲ್ಲಿ ಬಿಟ್ಟರೆ ಔಷಧಿಗೆ ಬಗ್ಗದ ಟಿಬಿಯಾಗುತ್ತದೆ. ನೀವು ಕೇಳಬೇಕಾದ ಪ್ರಶ್ನೆ ಒಂದೇ: "ಡಾಕ್ಟ್ರೇ, ತುಣುಕು ಪರೀಕ್ಷೆ ಆಗಿದೆಯಾ? ಏನು ಬಂದಿದೆ?"

ಗ್ಯಾಸ್ಟ್ರಿಕ್ ಎಂದುಕೊಂಡವರು ಯಾವಾಗ ಎಂಡೋಸ್ಕೋಪಿ ಮಾಡಿಸಬೇಕು? ಕಾರಣವಿಲ್ಲದೆ ತೂಕ ಇಳಿದರೆ, ಮಲ ಟಾರಿನಂತೆ ಕಪ್ಪಾದರೆ, ವಾಂತಿ ನಿಲ್ಲದಿದ್ದರೆ, ನುಂಗಲು ಕಷ್ಟವಾದರೆ, ಹಿಮೋಗ್ಲೋಬಿನ್ ಇಳಿಯುತ್ತಲೇ ಇದ್ದರೆ, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕರೆ ಕೂಡಲೇ. ಐವತ್ತರ ಆಸುಪಾಸಿನಲ್ಲಿ ಮೊದಲ ಸಲ ಈ ತೊಂದರೆ ಶುರುವಾಗಿ ಮಾತ್ರೆಗೆ ಬಗ್ಗದಿದ್ದರೂ ಅಷ್ಟೇ. ಅಸಿಡಿಟಿ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ. ಪ್ಯಾಂಟೊಪ್ರಜೋಲ್‌ನಂಥವು ಎಚ್. ಪೈಲೋರಿ ಪರೀಕ್ಷೆಯನ್ನು ಸುಳ್ಳು ನೆಗೆಟಿವ್ ಮಾಡಬಹುದು. ಸಾಧ್ಯವಿದ್ದರೆ ಎರಡು ವಾರ ಮೊದಲೇ ನಿಲ್ಲಿಸಿ ಎನ್ನುತ್ತಾರೆ.

*ರಿಪೋರ್ಟಿನಲ್ಲಿ ಇಷ್ಟುದ್ದ ಹೆಸರು ಯಾಕೆ?*

ಲಿಂಫೋಮಾ ಎಂಬುದು ಒಂದು ಕಾಯಿಲೆಯಲ್ಲ, ಡಜನ್‌ಗಟ್ಟಲೆ ಕಾಯಿಲೆಗಳ ಕುಟುಂಬ. ಯಾವುದೆಂದು ತಿಳಿಯಲು ತುಣುಕಿಗೆ ವಿಶೇಷ ಬಣ್ಣ ಹಾಕುವ ಪರೀಕ್ಷೆ ಮಾಡುತ್ತಾರೆ, ಅದಕ್ಕೆ ಐಎಚ್‌ಸಿ ಎನ್ನುತ್ತಾರೆ. ಸಿಡಿ20, ಸಿಡಿ3, ಕೆಐ-67 ಎಂದೆಲ್ಲ ಬರುವುದು ಅದರಲ್ಲೇ. ಸಿಡಿ20 ಪಾಸಿಟಿವ್ ಎಂದರೆ ಬಿ ಜಾತಿಯದು, ಅದರ ಮೇಲೇ ಕೂರುವ ಔಷಧಿ ಇದೆ ಎಂದು ಅರ್ಥ. ಐಎಚ್‌ಸಿ ಇಲ್ಲದ ಲಿಂಫೋಮಾ ರಿಪೋರ್ಟು ಅರ್ಧ ರಿಪೋರ್ಟು. ಅದನ್ನು ಹಿಡಿದು ಚಿಕಿತ್ಸೆ ಶುರು ಮಾಡಲು ಬಿಡಬೇಡಿ.

ಎಲ್ಲ ಬಗೆಗಳನ್ನೂ ಇಲ್ಲಿ ಬರೆಯುವುದಿಲ್ಲ. ಡಿಯೋಡಿನಂನಲ್ಲಿ ಕಾಣುವ ಫಾಲಿಕ್ಯುಲರ್ ಎಂಬುದು ಎಷ್ಟು ನಿಧಾನವೆಂದರೆ ಸುಮ್ಮನೆ ಕಣ್ಣಿಟ್ಟು ಕಾಯುವುದೇ ಚಿಕಿತ್ಸೆ. ದೊಡ್ಡಕರುಳಿನ ತುಂಬಾ ಸಣ್ಣ ಸಣ್ಣ ಗಂಟುಗಳಾಗಿ ಕಾಣುವ ಮ್ಯಾಂಟಲ್ ಸೆಲ್ ಬಗೆಗೆ ಗಟ್ಟಿ ಔಷಧಿ ಬೇಕು. ಗೋಧಿಯ ಗ್ಲುಟನ್ ಆಗದ ಸೀಲಿಯಾಕ್ ಕಾಯಿಲೆಯವರಲ್ಲಿ, ಪಥ್ಯ ಮಾಡದೆ ವರ್ಷಗಟ್ಟಲೆ ಬಿಟ್ಟರೆ, ಸಣ್ಣಕರುಳಿನ ಟಿ ಜಾತಿಯ ಲಿಂಫೋಮಾ ಬರುವುದುಂಟು. ದೆಹಲಿ ಕಡೆ ನೆಲೆಸಿರುವವರು ಚಪಾತಿ ತಿಂದರೆ ಲಿಂಫೋಮಾ ಬರುತ್ತದೆ ಎಂದು ಇದನ್ನು ತಿರುಚಿ ಫಾರ್ವರ್ಡ್ ಮಾಡಬೇಡಿ ಮತ್ತೆ! ಅದು ಬಹಳ ಅಪರೂಪ. ಎಚ್‌ಐವಿ ಇರುವವರಲ್ಲಿ, ಅಂಗಾಂಗ ಕಸಿಯಾಗಿ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ತಿನ್ನುವವರಲ್ಲಿ ಲಿಂಫೋಮಾ ಸಾಧ್ಯತೆ ಹೆಚ್ಚು.

ಮಕ್ಕಳ ವಿಷಯ ಮಾತ್ರ ಬಿಡುವಂತಿಲ್ಲ. ಡೆನಿಸ್ ಬರ್ಕಿಟ್ ಎಂಬ ಸರ್ಜನ್ ಉಗಾಂಡಾದ ಮಕ್ಕಳಲ್ಲಿ ಕಂಡು 1958ರಲ್ಲಿ ವರದಿ ಮಾಡಿದ ಬರ್ಕಿಟ್ ಲಿಂಫೋಮಾ ನಮ್ಮ ಮಕ್ಕಳಲ್ಲೂ ಬರುತ್ತದೆ, ಹೆಚ್ಚಾಗಿ ಹೊಟ್ಟೆಯಲ್ಲಿ. ಒಂದೆರಡು ದಿನಕ್ಕೇ ದುಪ್ಪಟ್ಟಾಗಬಲ್ಲ ಗಡ್ಡೆ ಇದು. ಐದಾರು ವರ್ಷ ದಾಟಿದ ಮಗುವಿಗೆ ಪದೇ ಪದೇ ಹೊಟ್ಟೆನೋವು, ವಾಂತಿ, ಹೊಟ್ಟೆ ಊದುವುದು, ಕರುಳಿನೊಳಗೆ ಕರುಳು ಸೇರಿಕೊಂಡಿದೆ ಎಂದು ಸ್ಕ್ಯಾನ್‌ನಲ್ಲಿ ಬರುವುದು, ಇವುಗಳ ಹಿಂದೆ ಇದು ಇರಬಹುದು. ಜಂತುಹುಳು ಔಷಧಿ ಕೊಟ್ಟು, ಬೇಸಿಗೆ ರಜೆಗೆ ಊರಿಗೆ ಹೋದಾಗ ನಮ್ಮ ಡಾಕ್ಟರಿಗೆ ತೋರಿಸೋಣ ಎಂದು ಕಾಯುವ ಕಾಯಿಲೆ ಇದಲ್ಲ. ಸಮಯಕ್ಕೆ ಸರಿಯಾದ ಕಡೆ ತಲುಪಿದ ಮಕ್ಕಳಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

*ಕೀಮೋ ಎಂದರೆ*

ಗೌಂಡಿ ಹುಡುಗನಿಗೆ ಕೊಟ್ಟದ್ದು 'ಆರ್-ಚಾಪ್' ಎಂಬ ಐದು ಔಷಧಿಗಳ ಜೋಡಣೆ. ಅದಕ್ಕೆ ಮೊದಲು ರೋಗ ಎಲ್ಲೆಲ್ಲಿದೆ ಎಂದು ನೋಡಲು ಪೆಟ್ ಸ್ಕ್ಯಾನ್, ಮೂಳೆಮಜ್ಜೆ ಪರೀಕ್ಷೆ, ಎಲ್‌ಡಿಎಚ್ ರಕ್ತಪರೀಕ್ಷೆ, ಹೃದಯದ ಎಕೋ ಆಯಿತು. ಹೆಪಟೈಟಿಸ್ ಬಿ ಪರೀಕ್ಷೆಯೂ ಆಯಿತು. ಇದು ಬಹಳ ಮುಖ್ಯ, ಯಾಕೆಂದರೆ ರಿಟುಕ್ಸಿಮ್ಯಾಬ್ ಕೊಟ್ಟಾಗ ಒಳಗೆ ಮಲಗಿದ್ದ ಹೆಪಟೈಟಿಸ್ ಬಿ ಎದ್ದು ಲಿವರ್ ಕೆಡಿಸಬಹುದು. ಇದ್ದರೆ ಅದಕ್ಕೆ ಮಾತ್ರೆ ಕೊಟ್ಟೇ ಮುಂದುವರಿಯುತ್ತಾರೆ.

ಇನ್ನೊಂದು ಮಾತು, ಯಾರೂ ನಾಚಿಕೆಯಿಂದ ಕೇಳುವುದಿಲ್ಲ. ಮಕ್ಕಳಾಗಬೇಕಾದ ವಯಸ್ಸಿನ ಗಂಡಸರು ಕೀಮೋಗೆ ಮೊದಲು ವೀರ್ಯ ಶೇಖರಿಸಿಡಬಹುದು. ಹೆಂಗಸರಿಗೂ ದಾರಿಗಳಿವೆ. ಶುರುವಾದ ಮೇಲೆ ಕೇಳಿದರೆ ತಡ.

21 ದಿನಕ್ಕೊಮ್ಮೆ, ಸಾಮಾನ್ಯವಾಗಿ ಆರು ಸಲ. ಬೆಳಿಗ್ಗೆ ಹೋಗಿ ಸಂಜೆಗೆ ಮನೆಗೆ. ಐದರಲ್ಲಿ ಒಂದು ಔಷಧಿ ಕೆಂಪು ಬಣ್ಣದ್ದು, ಮರುದಿನ ಮೂತ್ರ ಕೆಂಪಗೆ ಬರುತ್ತದೆ. ಟಿಬಿ ಮಾತ್ರೆಯಲ್ಲೂ ಕಿತ್ತಳೆ ಬಣ್ಣದ ಮೂತ್ರ ನೋಡಿ ಹೆದರಿದ್ದ ಹುಡುಗ ಈ ಸಲ ನಕ್ಕುಬಿಟ್ಟನಂತೆ. ಇನ್ನೊಂದರಿಂದ ಬೆರಳ ತುದಿ ಜುಮ್ಮೆನ್ನುತ್ತದೆ, ಮಲಬದ್ಧತೆ ಆಗುತ್ತದೆ. ಐದು ದಿನದ ಸ್ಟೀರಾಯ್ಡ್ ಮಾತ್ರೆಯಿಂದ ಸಕ್ಕರೆ ಕಾಯಿಲೆಯವರಿಗೆ ಶುಗರ್ ಏರುತ್ತದೆ. ಕೂದಲು ಹೋಗುತ್ತದೆ, ಮತ್ತೆ ಬರುತ್ತದೆ.

ಮನೆಯವರು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಎರಡು. ಕೀಮೋ ಆದ ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ಬಿಳಿ ರಕ್ತಕಣ ತಳ ಮುಟ್ಟಿರುತ್ತದೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಕ್ರೋಸಿನ್ ಕೊಟ್ಟು ಬೆಳಗಾಗಲಿ ಎಂದು ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೊರಡಿ. ಎರಡನೆಯದು ಹೊಟ್ಟೆಯ ಲಿಂಫೋಮಾಕ್ಕೇ ವಿಶೇಷ. ಕರುಳಿನ ಗೋಡೆಯಲ್ಲಿದ್ದ ಗಡ್ಡೆ ಔಷಧಿಗೆ ಬೇಗ ಕರಗಿದಾಗ ಅಲ್ಲಿ ತೂತು ಬೀಳಬಹುದು. ಮೊದಲ ಕೆಲವು ವಾರಗಳಲ್ಲಿ ಇದ್ದಕ್ಕಿದ್ದಂತೆ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿ ನೋವು ಬಂದರೆ ಒಂದು ಗಂಟೆಯೂ ತಡ ಮಾಡಬೇಡಿ.

ಊಟಕ್ಕೆ ಮನೆಯ ಬಿಸಿ ಅಡುಗೆ, ಕುದಿಸಿ ಆರಿಸಿದ ನೀರು. ಅನ್ನ, ಗಂಜಿ, ರಾಗಿ, ಬೇಳೆ, ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು, ಯಾವುದಕ್ಕೂ ಅಡ್ಡಿಯಿಲ್ಲ. ಬೀದಿಯ ಪಾನಿಪುರಿ, ಹೆಚ್ಚಿಟ್ಟ ಹಣ್ಣು ಬೇಡ. ಪಪ್ಪಾಯಿ ಎಲೆ ರಸ, ನೋನಿ ಜ್ಯೂಸ್, ಮೊಬೈಲಿನಲ್ಲಿ ಬಂದ ಕಷಾಯ, ಏನೇ ಕೊಡುವುದಿದ್ದರೂ ಮೊದಲು ಕೀಮೋ ವೈದ್ಯರಿಗೆ ತಿಳಿಸಿ. ಇದೂ ಮೊಬೈಲಿನಲ್ಲಿ ಬಂದ ಲೇಖನವೇ ಅಲ್ಲವೇ ಎಂದರೆ, ಹೌದು, ಇದನ್ನೂ ಅವರಿಗೆ ತೋರಿಸಿ.

ಆರ್-ಚಾಪ್‌ನಲ್ಲಿ ದುಬಾರಿಯಾದದ್ದು 'ಆರ್', ಅಂದರೆ ರಿಟುಕ್ಸಿಮ್ಯಾಬ್. ಅಮೆರಿಕದಲ್ಲಿ ಇದಕ್ಕೆ 1997ರಲ್ಲಿ ಒಪ್ಪಿಗೆ ಸಿಕ್ಕಿತು. 2007ರಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ ಇದರ ದೇಸಿ ರೂಪವನ್ನು ತಂದ ಮೇಲೆ ನಮ್ಮವರ ಕೈಗೂ ಎಟುಕುವಂತಾಯಿತು. ಈಗ ಬೇರೆ ಕಂಪನಿಗಳದ್ದೂ ಇವೆ. ದೇಸಿ ಔಷಧಿ ಎಂದರೆ ಕಳಪೆ ಎಂದು ಸಾಲ ಮಾಡಿ ವಿದೇಶಿ ಬ್ರ್ಯಾಂಡ್ ತರಿಸಬೇಕಿಲ್ಲ. ಈ ಬಗೆಯ ಲಿಂಫೋಮಾದಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ ಇದೇ ಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತಾರೆ. ಉಳಿದವರಿಗೂ ಬೇರೆ ಔಷಧಿಗಳಿವೆ, ಆದರೆ ದಾರಿ ಕಠಿಣ.

*ಇಲ್ಲೋ, ಊರಿನಲ್ಲೋ?*

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮುಂಬಯಿಯಲ್ಲಿ ಟಾಟಾ ಮೆಮೋರಿಯಲ್, ಚೆನ್ನೈಯಲ್ಲಿ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ಹೈದರಾಬಾದಿನಲ್ಲಿ ಎಂಎನ್‌ಜೆ, ದೆಹಲಿಯಲ್ಲಿ ಏಮ್ಸ್, ಬೆಂಗಳೂರಿನಲ್ಲಿ ಕಿದ್ವಾಯಿ. ಆರ್-ಚಾಪ್ ಎಲ್ಲ ಕಡೆ ಒಂದೇ. ಹಾಗಾಗಿ ಆಸ್ಪತ್ರೆಯ ಹೆಸರಿಗಿಂತ, ನಾಲ್ಕೈದು ತಿಂಗಳು ರೋಗಿಯ ಜೊತೆ ಇದ್ದು ಗಂಜಿ ಬೇಯಿಸಿ ಕೊಡುವವರು ಎಲ್ಲಿದ್ದಾರೆ, ಮಧ್ಯರಾತ್ರಿ ಜ್ವರ ಬಂದರೆ ಆಸ್ಪತ್ರೆ ಎಷ್ಟು ದೂರ ಎಂದು ನೋಡಿ. ಊರಿನ ಮನೆ ಹಳ್ಳಿಯಲ್ಲಿದ್ದು ಆಸ್ಪತ್ರೆ ನೂರು ಕಿಲೋಮೀಟರ್ ಆಚೆ ಇದ್ದರೆ, ಇಲ್ಲಿನ ಒಂದು ಖೋಲಿಯೇ ಮೇಲು. ಅರ್ಧ ಇಲ್ಲಿ ಅರ್ಧ ಅಲ್ಲಿ ಮಾಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಬೇರೆ ಕಡೆ ಹೋಗಲೇಬೇಕಾದರೆ ಕಾಗದದ ರಿಪೋರ್ಟ್ ಸಾಲದು. ಬಯಾಪ್ಸಿಯ ಗಾಜಿನ ಸ್ಲೈಡುಗಳು ಮತ್ತು ಮೇಣದ 'ಬ್ಲಾಕ್' ಲ್ಯಾಬಿನಲ್ಲಿರುತ್ತವೆ. ಅರ್ಜಿ ಕೊಟ್ಟರೆ ಕೊಡುತ್ತಾರೆ. ದೊಡ್ಡ ಆಸ್ಪತ್ರೆಯ ಪೆಥಾಲಜಿಸ್ಟ್ ಅದನ್ನೇ ಮತ್ತೊಮ್ಮೆ ನೋಡುತ್ತಾರೆ, ಹೆಸರು ಬದಲಾಗುವುದೂ ಉಂಟು. ಬ್ಲಾಕನ್ನು ಬಿಸಿಲಿಗೆ, ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಮೇಣ ಕರಗುತ್ತದೆ.

ದುಡ್ಡಿನ ವಿಷಯ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಊರಿನಲ್ಲಿ ಮಾಡಿಸಿದ ಕಾರ್ಡ್ ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಗಳಲ್ಲೂ ನಡೆಯುವಂತೆ ಮಾಡಲಾಗಿದೆ. ಆದರೆ ನಿಮ್ಮ ಕಾರ್ಡ್ ಕೇಂದ್ರದ ಪಟ್ಟಿಯದೋ ರಾಜ್ಯದ್ದು ಮಾತ್ರವೋ ಎಂಬುದರ ಮೇಲೆ ವ್ಯತ್ಯಾಸವಾಗಬಹುದು. ಭರ್ತಿಯಾಗುವ ಮೊದಲೇ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿನಲ್ಲಿ ಕೇಳಿ. ಗೌಂಡಿ ಹುಡುಗನ ಕಾರ್ಡ್ ಊರಿನ ಟ್ರಂಕಿನಲ್ಲಿತ್ತು. ಅವನ ಅವ್ವ ಅದನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದಳು.

ಆರು ಕೀಮೋ ಮುಗಿದು ಅವನಿಗೀಗ ಒಂದು ವರ್ಷ ದಾಟಿದೆ. ಕೊನೆಯ ಪೆಟ್ ಸ್ಕ್ಯಾನ್‌ನಲ್ಲಿ ರೋಗ ಕಾಣಲಿಲ್ಲ. ಸಿಮೆಂಟ್ ಚೀಲ ಎತ್ತುವಷ್ಟು ಶಕ್ತಿ ಬಂದಿಲ್ಲ. ಸದ್ಯ ಸೈಟಿನಲ್ಲಿ ಲೆಕ್ಕ ಬರೆಯುತ್ತಾನೆ. ಆ ಮೂರು ತಿಂಗಳು ಕಳೆಯದಿದ್ದರೆ ಅವನ ಕರುಳು ಕತ್ತರಿಸಬೇಕಾಗುತ್ತಿರಲಿಲ್ಲವೇನೋ ಎಂದು ಅವನ ಮಾವ ಇನ್ನೂ ಕೇಳುತ್ತಾರೆ. ಇರಬಹುದು ಎನ್ನುತ್ತೇನೆ, ಸುಳ್ಳು ಹೇಳಲು ಬಾಯಿ ಬರುವುದಿಲ್ಲ.

ಗಲ್ಲಾದವರ ಕತೆ ನಿಧಾನದ್ದು. ಮಾಲ್ಟ್ ಲಿಂಫೋಮಾ ಬ್ಯಾಕ್ಟೀರಿಯಾ ಸತ್ತ ಮರುದಿನ ಹೋಗುವುದಿಲ್ಲ, ತಿಂಗಳುಗಳು ಬೇಕು, ಕೆಲವರಿಗೆ ವರ್ಷ ಮೀರುತ್ತದೆ. ಮಾತ್ರೆ ಮುಗಿದು ನಾಲ್ಕು ವಾರವಾದ ಮೇಲೆ ಉಸಿರಿನ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಹೋಗಿದೆ ಎಂದು ಖಚಿತವಾಯಿತು. ಆರು ತಿಂಗಳ ಎಂಡೋಸ್ಕೋಪಿಯಲ್ಲಿ ಹುಣ್ಣು ಮಾಯ್ದಿತ್ತು, ತುಣುಕಿನಲ್ಲಿ ಮಾತ್ರ ಕೆಟ್ಟ ಕಣಗಳು ಇನ್ನೂ ಇದ್ದವು. ತಮ್ಮ ಮತ್ತೆ ಜಾಗ ಮಾರುವ ಮಾತೆತ್ತಿದ. ತಜ್ಞರು ಕಾಯೋಣ ಅಂದರು. ಕರಗದಿದ್ದರೆ ಸಣ್ಣ ಪ್ರಮಾಣದ ರೇಡಿಯೇಷನ್ ಇದ್ದೇ ಇದೆ, ಅದಕ್ಕೆ ಇದು ಚೆನ್ನಾಗಿ ಬಗ್ಗುತ್ತದೆ. ಕೆಲವರಲ್ಲಿ 11 ಮತ್ತು 18ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿರುತ್ತದೆ, ಅಂಥವರಿಗೆ ಆಂಟಿಬಯಾಟಿಕ್ ಸಾಮಾನ್ಯವಾಗಿ ಸಾಲುವುದಿಲ್ಲ. ಇವರಿಗೆ ಅದು ಇರಲಿಲ್ಲ. ಹದಿನಾಲ್ಕನೇ ತಿಂಗಳಿನ ತುಣುಕು ಶುಭ್ರವಾಗಿ ಬಂತು. ಆದರೂ ವರ್ಷಕ್ಕೊಮ್ಮೆಯಾದರೂ ಒಳಗೆ ನೋಡಲೇಬೇಕು, ಮರಳುವ ಸಾಧ್ಯತೆ ಪೂರ್ತಿ ಹೋಗುವುದಿಲ್ಲ.

ಈ ಸಲದ ಎಂಡೋಸ್ಕೋಪಿಯನ್ನು ಗಣಪತಿ ಹಬ್ಬ ಕಳೆದ ಮೇಲೆ ಇಟ್ಟುಕೊಳ್ಳಬಹುದಾ, ಹೊಟೇಲಿನಲ್ಲಿ ಆ ಹತ್ತು ದಿನ ಕೈ ಬಿಡುವಿರುವುದಿಲ್ಲ ಎಂದು ಮೊನ್ನೆ ಕೇಳಿದರು. ಹತ್ತು ದಿನ ತಡವಾದರೆ ತೊಂದರೆಯಿಲ್ಲ ಅಂದೆ. ಹೋಗುವ ಮೊದಲು ತೂಕದ ಮೆಷಿನ್ ಮೇಲೆ ಹತ್ತಿಸಿದೆ. 68 ಕಿಲೋ.